ಅಟ್ಟಿಗೆಗೆ ಸೇರಿಸಿದ ಕೊಂಡಿಗಳು

ನನ್ನ ಅಕ್ಕನ ಕತ್ತು ಊದತೊಡಗಿದಾಗ ನಮ್ಮವರು ಅವಳನ್ನು ಕರೆದುಕೊಂಡು ಹೋದದ್ದು ಅಕ್ಕಸಾಲಿಗನ ಹತ್ತಿರ. ಇದನ್ನು ಹೇಳಿದರೆ ಕೇಳಿದವರು ನಗುತ್ತಾರೆ, ಕಟ್ಟುಕಥೆ ಅನ್ನುತ್ತಾರೆ. ಕಥೆ ಕಟ್ಟುವಷ್ಟು ಬುದ್ಧಿ ನಮ್ಮ ಮನೆತನಕ್ಕೆ ಇದ್ದಿದ್ದರೆ ಆ ಕತ್ತನ್ನು ಡಾಕ್ಟರಿಗೆ ತೋರಿಸುವ ಬುದ್ಧಿಯೂ ಇರುತ್ತಿತ್ತು.

ನಾವು ಕೊಯಮತ್ತೂರಿನ ಸುತ್ತಮುತ್ತ ಎಷ್ಟೋ ತಲೆಮಾರಿನಿಂದ ಬೇಸಾಯ ಮಾಡಿಕೊಂಡಿರುವ ಕನ್ನಡದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಶಾಲೆಯ ಓದೆಲ್ಲ ತಮಿಳಿನಲ್ಲಿ, ಕನ್ನಡದ ಅಕ್ಷರ ಮಾತ್ರ ಯಾರಿಗೂ ಬರದು. ನಾನು ಕಲಿತದ್ದೂ ತಲೆ ನರೆತ ಮೇಲೆ. ಹಾಗಾಗಿ ಇದನ್ನು ನಮ್ಮವರು ಯಾರೂ ಓದಲಾರರು ಅನ್ನುವ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಓದಲು ಬರುತ್ತಿದ್ದರೂ ಬರೆಯುತ್ತಿದ್ದೆ ಅನ್ನಿ.

ಎಂಬತ್ತರ ದಶಕದ ಮಾತು. ನಮ್ಮ ಮನೆ ಮದುಕ್ಕರೈ ಪಕ್ಕದಲ್ಲಿತ್ತು, ಸಿಮೆಂಟ್ ಫ್ಯಾಕ್ಟರಿಯ ಧೂಳು ನಮ್ಮ ತೆಂಗಿನ ಗರಿಗಳ ಮೇಲೂ ಒಣಗಿಸಿದ ಬಟ್ಟೆಯ ಮೇಲೂ ಬಂದು ಕೂರುತ್ತಿತ್ತು. ಅಕ್ಕನನ್ನು ಕೊಟ್ಟದ್ದು ಕಿಣತ್ತುಕಡವಿಗೆ, ಅಪ್ಪನ ಒಡಹುಟ್ಟಿದ ಅಕ್ಕನ ಮಗನಿಗೆ. ಅಂದರೆ ನಮ್ಮ ಸೋದರತ್ತೆಯೇ ಅವಳಿಗೆ ಅತ್ತೆ. ಹೊರಗಿನವರಿಗೆ ಕೊಟ್ಟರೆ ಮಗಳನ್ನು ಹೇಗೆ ನೋಡಿಕೊಳ್ಳುತ್ತಾರೋ ಏನೋ, ಅಕ್ಕಯ್ಯನ ಮನೆಯಾದರೆ ನಮ್ಮ ಮನೆ ಇದ್ದ ಹಾಗೆ ಅಂತ ಅಪ್ಪ ಎದೆ ತಟ್ಟಿಕೊಂಡು ಹೇಳಿದ್ದರು. ನಮ್ಮಪ್ಪ ಎದೆ ತಟ್ಟಿಕೊಂಡು ಹೇಳಿದ ಮಾತು ಒಂದಾದರೂ ನಿಜವಾದದ್ದು ನನಗೆ ನೆನಪಿಲ್ಲ.

ಮದುವೆಯಲ್ಲಿ ಅಕ್ಕನಿಗೆ ಒಂದು ಅಟ್ಟಿಗೆ ಹಾಕಿದ್ದರು. ಅಟ್ಟಿಗೆ ಅಂದರೆ ಕತ್ತಿಗೆ ಅಂಟಿಕೊಂಡು ಕೂರುವ ಕೆಂಪು ಕಲ್ಲಿನ ಗಿಡ್ಡ ಹಾರ, ಹಿಂದೆ ಒಂದು ಕೊಕ್ಕೆ. ಹಬ್ಬದ ದಿನ ಸೊಸೆಯ ಕತ್ತಲ್ಲಿ ಅದು ಕಾಣಲೇಬೇಕು, ಕಾಣದಿದ್ದರೆ ಅಡ ಇಟ್ಟುಬಿಟ್ಟರು ಅಂತ ಊರೆಲ್ಲ ಗುಸುಗುಸು. ಮದುವೆಯಾದ ಮರುವರ್ಷದ ಪೊಂಗಲ್‌ ದಿನ ಅತ್ತೆ ಎಷ್ಟು ಎಳೆದರೂ ಕೊಕ್ಕೆ ಕೂಡಲಿಲ್ಲ. ಅಕ್ಕನಿಗೆ ಉಸಿರು ಕಟ್ಟಿತು. ಅತ್ತೆಗೋ ಹಿಗ್ಗೋ ಹಿಗ್ಗು.

"ನಮ್ಮ ಮನೆ ಹೆಣ್ಣುಗಳ ಕತ್ತೇ ಹಂಗೆ ಅಮ್ಮಣಿ, ತುಂಬ್ಕೊಳ್ಳುತ್ತೆ. ನನಗೂ ಹಿಂಗೇ ಆಗಿತ್ತು. ಲಕ್ಷ್ಮಿ ಕಳೆ ಕಣೇ ಅದು!" ಅಂದಳು.

ಅತ್ತೆಯ ಅಟ್ಟಿಗೆಗೂ ಒಂದು ಕಾಲದಲ್ಲಿ ಹೀಗೆ ಕೊಂಡಿ ಸೇರಿಸಿದ್ದರಂತೆ. ಈಗ ಅದನ್ನು ಪೆಟ್ಟಿಗೆಗೆ ಹಾಕಿಟ್ಟು ಎದೆಯ ತನಕ ಇಳಿಯುವ ಉದ್ದ ಸರ ಹಾಕಿಕೊಳ್ಳುತ್ತಿದ್ದಳು. ವಯಸ್ಸಾದವಳಿಗೆ ಅಟ್ಟಿಗೆ ಯಾಕೆ ಅನ್ನುವುದು ಅವಳ ಮಾತು. ಸರಿ, ಅಕ್ಕನನ್ನು ಕೂರಿಸಿ ಅಕ್ಕಸಾಲಿಗ ದಾರ ಹಿಡಿದು ಕತ್ತು ಅಳೆದ, ಹಿಂದಕ್ಕೆ ಕೊಂಡಿ ಸೇರಿಸಿದ, "ಒಳ್ಳೆ ಕತ್ತು, ಒಳ್ಳೆ ಕತ್ತು" ಅಂತ ಹಲ್ಲು ಕಿರಿದ. ಮುಂದಿನ ವರ್ಷ ಮತ್ತೆ ಸಾಲಲಿಲ್ಲ, ಮತ್ತೆ ಸೇರಿಸಿದ. ಹೆಂಗಸಿನ ಕತ್ತು ಮದುವೆಯಾದ ಮೇಲೂ ವರ್ಷವರ್ಷ ಬೆಳೆಯುತ್ತದಾ ಅಂತ ಆ ಮನೆಯಲ್ಲಿ ಒಬ್ಬ ಮನುಷ್ಯನಾದರೂ ಕೇಳಬಾರದಾ? ಕೇಳಲಿಲ್ಲ. ಚಿನ್ನ ಉದ್ದ ಆದರೆ ಅವರಿಗೆ ಸಂತೋಷ, ಅಷ್ಟೇ.

ನನ್ನ ಅಕ್ಕ ಹೇಗಿದ್ದವಳು ಅಂತ ಹೇಳಬೇಕು. ಮಾತಿಗೆ ಮೊದಲು ನಗು, ನಗುವಿಗೆ ಮೊದಲು ಜಗಳ. ಬಾವಿಯಿಂದ ನೀರು ಸೇದಿಕೊಂಡು ಬರುವಾಗಲೂ ಓಡುತ್ತಿದ್ದಳು. ಕೊಡ ತುಳುಕಿ ಹಾದಿಯೆಲ್ಲ ಒದ್ದೆ. ಅಪ್ಪನ ಎದುರು ನಿಂತು "ಅದು ಹಂಗಲ್ಲ" ಅನ್ನುವ ಧೈರ್ಯ ಮನೆಯಲ್ಲಿ ಅವಳೊಬ್ಬಳಿಗೇ ಇತ್ತು. ಅಂಥವಳು ಎರಡು ವರ್ಷದಲ್ಲಿ ಒದ್ದೆ ಗೋಣಿಚೀಲದ ಹಾಗಾದಳು. ಮುಖ ಊದಿಕೊಂಡಿತು. ಹುಬ್ಬಿನ ತುದಿ ಉದುರಿತು. ಬಾಚಣಿಗೆಗೆ ಕೂದಲು ಕೈತುಂಬ ಬರುತ್ತಿತ್ತು. ದನಿ ಗಂಡಸಿನ ದನಿಯ ಹಾಗೆ ದಪ್ಪಗಾಯಿತು. ಒಂದು ಮಾತು ಕೇಳಿದರೆ ಉತ್ತರ ಬರುವುದರೊಳಗೆ ನಾವು ಇನ್ನೊಂದು ಕೆಲಸಕ್ಕೆ ಹೋಗಿರುತ್ತಿದ್ದೆವು. ಅಡುಗೆ ಒಲೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದಳು.

"ಸೋಂಬೇರಿ" ಅಂದಳು ಅತ್ತೆ. ಆಮೇಲೆ ಅದೇ ಅವಳ ಹೆಸರಾಯಿತು. ತಿನ್ನುವುದು ಹಕ್ಕಿಯಷ್ಟಾದರೂ ಮೈ ದಪ್ಪವಾಗುತ್ತಿತ್ತಲ್ಲ, ಕದ್ದು ತಿನ್ನುತ್ತಾಳೆ ಅಂತ ಅತ್ತೆ ತೀರ್ಮಾನ ಮಾಡಿ ತುಪ್ಪದ ಡಬ್ಬಿಗೂ ಬೆಲ್ಲದ ಡಬ್ಬಿಗೂ ಬೀಗ ಹಾಕಿದಳು. ನನ್ನ ಭಾವನೋ, ಆ ಮಹಾನುಭಾವ ಕಿಣತ್ತುಕಡವಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ. ಯಾವ ಗಿಡದ ಎಲೆ ಹಳದಿಯಾದರೆ ಏನು ಹಾಕಬೇಕು ಅಂತ ಊರಿಗೆಲ್ಲ ಹೇಳುತ್ತಿದ್ದ. ಸ್ವಂತ ಹೆಂಡತಿಯ ಮುಖ ಹಳದಿಯಾದದ್ದು ಅವನ ಕಣ್ಣಿಗೆ ಬೀಳಲಿಲ್ಲ. ಏನು ಕೇಳಿದರೂ "ಅಮ್ಮ ಹೇಳಿದ ಹಂಗೆ" ಅನ್ನುತ್ತಿದ್ದ. ಥೂ, ಅದೂ ಒಂದು ಬಾಯಿ.

ಎಲ್ಲಕ್ಕಿಂತ ಹೆಚ್ಚಾಗಿ ಅಕ್ಕನಿಗೆ ಚಳಿ. ಬೇಸಿಗೆಯಲ್ಲಿ ನಾವೆಲ್ಲ ಬೀಸಣಿಗೆ ಹಿಡಿದು ಕೂತಿದ್ದರೆ ಅವಳು ಬಿಸಿಲು ಬೀಳುವ ಮೂಲೆ ಹುಡುಕಿ ಹೋಗಿ ಕೂರುತ್ತಿದ್ದಳು. ಅಮ್ಮ ಯಾರಿಂದಲೋ ಹೇಳಿ ಊಟಿಯಿಂದ ಒಂದು ನೀಲಿ ಉಣ್ಣೆ ಸ್ವೆಟರ್ ತರಿಸಿಕೊಟ್ಟಳು. ಅಕ್ಕ ಅದನ್ನು ಹಗಲೂ ರಾತ್ರಿ ತೆಗೆಯುತ್ತಿರಲಿಲ್ಲ. ಒಂದು ದಿನ ಅತ್ತೆ ಅದನ್ನು ಅವಳ ಮೈಯಿಂದ ಎಳೆದು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚಿತ್ತಿರೆ ತಿಂಗಳ ಸುಡುಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡ ಸೊಸೆಯನ್ನು ನೋಡಿ ಜನ ಹುಚ್ಚಿ ಅನ್ನುತ್ತಾರಂತೆ. ಹಳೆಯ ಅಕ್ಕನಾಗಿದ್ದರೆ ಆ ಬೀರುವನ್ನೇ ಕೆಡವಿಹಾಕುತ್ತಿದ್ದಳು.

ಮೂರು ವರ್ಷ ಕಳೆದರೂ ಮಗು ಆಗಲಿಲ್ಲ. ಆಗ ಅತ್ತೆ ಅಕ್ಕನನ್ನೂ ಕರೆದುಕೊಂಡು ಮದುಕ್ಕರೈಗೆ ಬಂದು ಜಗಲಿ ಮೇಲೆ ಕೂತು ತನ್ನ ಮಹಾ ಯೋಚನೆಯನ್ನು ಹೊರಗೆ ಹಾಕಿದಳು: ತಂಗಿಯನ್ನೂ ಅಲ್ಲಿಗೇ ಕೊಟ್ಟುಬಿಡುವುದು. ತಂಗಿ ಅಂದರೆ ನಾನು. ನಮ್ಮಲ್ಲಿ ಇದು ಹೊಸದೇನಲ್ಲ. ಅಕ್ಕನಿಗೆ ಮಕ್ಕಳಾಗದಿದ್ದರೆ ತಂಗಿಯನ್ನು ಅದೇ ಗಂಡನಿಗೆ ಕಟ್ಟಿದ ಮನೆಗಳು ನಮ್ಮ ನೆಂಟರಲ್ಲೇ ಇದ್ದವು.

"ಹೊರಗಿನ ಹೆಣ್ಣು ತಂದ್ರೆ ಮನೆ ಒಡೆದುಹೋಗುತ್ತೆ. ಅಕ್ಕತಂಗೀರು ಹೊಂದ್ಕೊಂಡು ಹೋಗ್ತಾರೆ" ಅಂದಳು ಅತ್ತೆ.

"ಅಕ್ಕಯ್ಯ ಹೇಳಿದ್ಮೇಲೆ ಮುಗೀತು" ಅಂದರು ಅಪ್ಪ. ನಾನು ಅಲ್ಲೇ ಬಾಗಿಲ ಹಿಂದೆ ನಿಂತಿದ್ದೆ. ಪ್ಲಸ್ ಟೂ ಪರೀಕ್ಷೆಗೆ ಓದುತ್ತಿದ್ದೆ, ಕೊಯಮತ್ತೂರಿನ ಕಾಲೇಜಿಗೆ ಸೇರಬೇಕು ಅಂತ ಹಗಲುಗನಸು ಕಾಣುತ್ತಿದ್ದೆ. ಆ ಗೊಬ್ಬರದಂಗಡಿಯವನ ಎರಡನೇ ಹೆಂಡತಿಯಾಗಿ ಅತ್ತೆಯ ಒಲೆ ಮುಂದೆ ಕೂರುವ ಚಿತ್ರ ಕಣ್ಣೆದುರು ಬಂತು.

ಇದೆಲ್ಲ ನಡೆಯಬೇಕಾದರೆ ಒಂದು ಶಾಸ್ತ್ರ ಆಗಬೇಕು. ಮೊದಲನೆಯವಳು ಎಲ್ಲರ ಎದುರಿಗೆ ತನ್ನ ಕೈಯಾರೆ ತಂಗಿಗೆ ಹೂ ಮುಡಿಸಿ, ತನ್ನ ಅಟ್ಟಿಗೆ ಬಿಚ್ಚಿ ಅವಳ ಕತ್ತಿಗೆ ಹಾಕಬೇಕು. ಆಮೇಲೆ ಯಾರೂ ಬಲವಂತ ಮಾಡಿದರು ಅನ್ನುವಂತಿಲ್ಲ. ಎಂಥಾ ಜಾಣರು ನೋಡಿ! ಅಕ್ಕನನ್ನು ಕೇಳಿದರು. ಅವಳು ಹೂಂ ಅಂದುಬಿಟ್ಟಳು.

ನಾನು ಅವಳನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ, "ಯಾಕೇ ಹೂಂ ಅಂದೆ? ನಾನು ನಿನಗೆ ಏನು ಮಾಡಿದ್ದೆ?" ಅಂತ ಅಳುತ್ತಾ ಕೇಳಿದೆ.

ಅಕ್ಕ ಬಿಸಿಲು ಬಿದ್ದಿದ್ದ ಕಲ್ಲಿನ ಮೇಲೆ ಹೋಗಿ ಕೂತಳು. ಆಮೇಲೆ ಆ ದಪ್ಪ ದನಿಯಲ್ಲಿ, "ನೀನು ಬಂದ್ರೆ ನಾನು ಸ್ವಲ್ಪ ಮಲಗಬೋದು" ಅಂದಳು.

ನನಗೆ ಅವಳ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಆದರೆ ಕೋಪಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅವಳು ಆ ಮೈಯೊಳಗೆ ಇದ್ದ ಹಾಗೆಯೇ ಕಾಣಲಿಲ್ಲ.

ಆ ವರ್ಷವೇ ನಮಗೆ ಶಾಲೆಯಲ್ಲಿ ಹಾರ್ಮೋನುಗಳ ಪಾಠ ಆಗಿತ್ತು. ಪಾಠ ಅನ್ನಬೇಕಾ ಅದನ್ನು? ನಮ್ಮ ಮೇಷ್ಟ್ರು ಕುರ್ಚಿಯಲ್ಲಿ ಕೂತು ಪುಸ್ತಕ ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಮೆದುಳಿನ ಕೆಳಗೆ ಒಂದು ಗ್ರಂಥಿ, ಕತ್ತಲ್ಲಿ ಒಂದು, ಹೊಟ್ಟೆಯಲ್ಲಿ ಒಂದು, ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು. ಬೆವರಿಗೆ, ಜೊಲ್ಲಿಗೆ ಇರುವ ಹಾಗೆ ಇವಕ್ಕೆ ಕೊಳವೆ ಇಲ್ಲ. ತಮ್ಮ ರಸವನ್ನು ನೇರ ರಕ್ತಕ್ಕೇ ಬಿಡುತ್ತವೆ, ರಕ್ತ ಅದನ್ನು ಮೈಯೆಲ್ಲ ಹೊತ್ತು ತಿರುಗುತ್ತದೆ. ಹೆಂಗಸರ ಗ್ರಂಥಿಗಳ ಪುಟ ಬಂದಾಗ ಮೇಷ್ಟ್ರು ಕೆಮ್ಮಿ, "ಮನೆಯಲ್ಲಿ ಓದಿಕೊಳ್ಳಿ" ಅಂತ ಹಾಳೆ ತಿರುಗಿಸಿದರು. ನಮ್ಮ ಮೈಯಲ್ಲೇ ಇರುವುದರ ಬಗ್ಗೆ ನಮಗೆ ಹೇಳಲು ಆ ಗಂಡಸಿಗೆ ನಾಚಿಕೆ! ಕತ್ತಿನ ಗ್ರಂಥಿ ಕೆಟ್ಟರೆ ಕತ್ತು ಊದಬಹುದು ಅನ್ನುವ ಒಂದು ಸಾಲು ಇತ್ತು. ಅದನ್ನು ಇಟ್ಟುಕೊಂಡು ನಾನು ಅಪ್ಪನ ಹತ್ತಿರ ಹೋಗಿ ಅಕ್ಕನನ್ನು ಡಾಕ್ಟರಿಗೆ ತೋರಿಸೋಣ ಅಂದೆ.

"ನಾಲ್ಕಕ್ಷರ ಓದಿಬಿಟ್ಟು ನಿಮ್ಮತ್ತೆಗೇ ಬುದ್ಧಿ ಹೇಳ್ತೀಯಾ? ಅವಳ ಕತ್ತೂ ಹಂಗೇ ಅಲ್ವಾ, ಅವಳೇನು ಸತ್ತುಹೋದಳಾ?" ಅಂದರು ಅಪ್ಪ. ನನ್ನ ವಿಜ್ಞಾನ ಅಲ್ಲಿಗೆ ಮುಗಿಯಿತು.

ಪರೀಕ್ಷೆ ಮುಗಿದ ಮೇಲೆ ಅತ್ತೆ ಇನ್ನೊಂದು ಹೊಸ ವರಸೆ ತೆಗೆದಳು. ಒಂದು ಸಲ ಮೋಸ ಹೋಗಿದ್ದಾಗಿದೆ, ಎರಡನೇ ಸಲ ಹೋಗಬಾರದು. ಹುಡುಗಿಗೆ ಮಕ್ಕಳಾಗುತ್ತವೋ ಇಲ್ಲವೋ ಮೊದಲೇ ತೋರಿಸಿಬಿಡೋಣ ಅಂದಳು. ಸಂತೆಯಲ್ಲಿ ಹಸುವಿನ ಹಲ್ಲು ನೋಡಿಸುವ ಹಾಗೆ ನನ್ನನ್ನು ಕೊಯಮತ್ತೂರಿನ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅತ್ತೆ, ಅಪ್ಪ, ನಾನು. ಬುತ್ತಿಯ ಚೀಲ ಹಿಡಿದುಕೊಳ್ಳಲು ಅಕ್ಕ. ಕಾಯಿಲೆ ಬಿದ್ದವಳು ಚೀಲ ಹೊತ್ತುಕೊಂಡು ಬಂದಳು, ಗಟ್ಟಿಮುಟ್ಟಾದ ನಾನು ರೋಗಿಯಾಗಿ ಬೆಂಚಿನ ಮೇಲೆ ಕೂತೆ.

ಡಾಕ್ಟರಮ್ಮ ಸಿಡುಕಿನ ಹೆಂಗಸು. ನನ್ನನ್ನು ಎರಡು ಮಾತು ಕೇಳಿ, ಬಂದ ಕಾರಣವನ್ನು ಅತ್ತೆಯ ಬಾಯಿಂದ ಕೇಳಿ, ಪೆನ್ನು ಕೆಳಗಿಟ್ಟರು. ಅಷ್ಟರಲ್ಲಿ ಹಿಂದೆ ಗೋಡೆಗೆ ಒರಗಿದ್ದ ಅಕ್ಕ, ಹೆಗಲ ಮೇಲೆ ಟವೆಲ್ ಹೊದ್ದುಕೊಂಡು, "ಫ್ಯಾನ್ ಸ್ವಲ್ಪ ನಿಲ್ಲಿಸ್ತೀರಾ ಅಮ್ಮಾ, ಚಳಿ" ಅಂದಳು. ಡಾಕ್ಟರಮ್ಮ ತಲೆಯೆತ್ತಿ ನೋಡಿದರು. ಎದ್ದು ಬಂದು ಅಕ್ಕನ ಹಿಂದೆ ನಿಂತು ಎರಡೂ ಕೈಯಿಂದ ಕತ್ತು ಮುಟ್ಟಿದರು. ಎಂಜಲು ನುಂಗು ಅಂದರು. ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಕಾಲು ಎದ್ದದ್ದು ಮೆಲ್ಲಗೆ, ಇಳಿದದ್ದು ಇನ್ನೂ ಮೆಲ್ಲಗೆ.

"ಈ ಕತ್ತು ಎಷ್ಟು ದಿನದಿಂದ ಹೀಗಿದೆ?"

ಅಪ್ಪ ಕೈಕಟ್ಟಿಕೊಂಡು, "ಅದು ನಮ್ಮ ಮನೆತನದ ಕತ್ತು ಅಮ್ಮಾ. ಅಟ್ಟಿಗೆಗೆ ಎರಡು ಸಲ ಕೊಂಡಿ ಹಾಕಿಸಿದೀವಿ" ಅಂದರು, ಅದೇನೋ ಬಿರುದು ಅನ್ನುವ ಹಾಗೆ.

ಡಾಕ್ಟರಮ್ಮ ಅವರನ್ನು ನೋಡಿದ ನೋಟವನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ನನ್ನ ಎದೆಯಲ್ಲಿ ಇದ್ದದ್ದೇ ಅವರ ಕಣ್ಣಲ್ಲಿ ಇತ್ತು. "ಆ ಕೊಂಡಿ ಹಾಕಿದವನನ್ನೇ ಮೊಮ್ಮಗು ಕೇಳ್ಕೊಳ್ಳಿ, ಇಲ್ಲಿಗೆ ಯಾಕೆ ಬಂದ್ರಿ?" ಅಂದರು. ನನಗೆ ಎದ್ದು ನಿಂತು ಚಪ್ಪಾಳೆ ಹೊಡೆಯೋಣ ಅನ್ನಿಸಿತು.

ಆಮೇಲೆ ಬೈದು ಬೈದೇ ಹೇಳಿದರು. ಕತ್ತಿನ ಮುಂದೆ ಥೈರಾಯ್ಡ್ ಅನ್ನುವ ಗ್ರಂಥಿ ಇದೆ. ಅದು ಬಿಡುವ ಹಾರ್ಮೋನು ಮೈಯ ಒಲೆಗೆ ಸೌದೆ ಇದ್ದ ಹಾಗೆ. ಬಿಸಿ, ಚುರುಕು, ಜ್ಞಾಪಕ, ಹೊಟ್ಟೆಯ ಕೆಲಸ, ಮುಟ್ಟು, ಎಲ್ಲಕ್ಕೂ ಅದು ಬೇಕು. ಇವಳ ಗ್ರಂಥಿಗೆ ಕಾಯಿಲೆ. ಮೈಯನ್ನು ಕಾಯಬೇಕಾದ ಕಣಗಳೇ ಅದನ್ನು ಹೊರಗಿನ ಶತ್ರು ಅಂದುಕೊಂಡು ತಿನ್ನುತ್ತಿವೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಅನ್ನುವ ಕಡಲೆಕಾಳಿನಷ್ಟು ಗ್ರಂಥಿ ರಕ್ತದಲ್ಲಿ ಹಾರ್ಮೋನು ಕಡಿಮೆಯಾದದ್ದನ್ನು ನೋಡಿ ಕೆಲಸ ಮಾಡು, ಕೆಲಸ ಮಾಡು ಅಂತ ತನ್ನ ಹಾರ್ಮೋನು ಕಳಿಸಿ ಇದಕ್ಕೆ ಅಪ್ಪಣೆ ಮಾಡುತ್ತದೆ. ಇದು ಮಾಡಲಾರದು. ಅದು ಇನ್ನೂ ಜೋರು ಮಾಡುತ್ತದೆ. ಆ ಜೋರಿಗೆ ಇದು ಊದುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಮೇಲಿನ ಈ ಗಲಾಟೆಯಲ್ಲಿ ಅಂಡಾಶಯಕ್ಕೆ ಹೋಗಬೇಕಾದ ಅಪ್ಪಣೆಗಳೂ ಏರುಪೇರಾಗಿ ಗರ್ಭ ನಿಲ್ಲುವುದಿಲ್ಲ.

ನಾನು ಅತ್ತೆಯ ಮುಖ ನೋಡಿದೆ. ಕೆಳಗಿರುವುದು ಕಾಯಿಲೆ ಬಿದ್ದಿದೆ ಅನ್ನುವುದು ಗೊತ್ತಿಲ್ಲದೆ ಮೇಲೆ ಕೂತು ಕೂಗಾಡುವುದು ಅಂದರೆ ಏನು ಅಂತ ನನಗೆ ಯಾವ ಮೇಷ್ಟ್ರೂ ಹೇಳಿಕೊಡಬೇಕಾಗಿರಲಿಲ್ಲ. ಪಿಟ್ಯುಟರಿಗೆ ಒಂದು ಮರ್ಯಾದೆ ಇದೆ, ಹಾರ್ಮೋನು ಸಾಕಷ್ಟು ಬಂದರೆ ತಾನಾಗಿ ಸುಮ್ಮನಾಗುತ್ತದೆ. ನಮ್ಮ ಅತ್ತೆ ಅದಕ್ಕಿಂತ ಕಡೆ.

ರಕ್ತ ತೆಗೆದು ಮದ್ರಾಸಿಗೆ ಕಳಿಸಿದರು. ಉತ್ತರ ಬರುವ ತನಕ ಕಾಯದೆ ಮಾತ್ರೆ ಶುರು ಮಾಡಿದರು. ಮೊದಲು ಅರ್ಧ, ಆಮೇಲೆ ಒಂದು, ಬೆಳಗ್ಗೆ ಎದ್ದು ಬರೀ ಹೊಟ್ಟೆಗೆ, ಕಾಫಿಗೂ ಮುಂಚೆ. ಗ್ರಂಥಿ ಮಾಡಬೇಕಾದದ್ದನ್ನೇ ಹೊರಗಿನಿಂದ ಕೊಡುವುದು, ಬದುಕಿರುವ ತನಕ. ಅತ್ತೆ ಆ ಮಾತ್ರೆಯನ್ನು ಅಂಗೈ ಮೇಲಿಟ್ಟು, "ಸಾಸಿವೆ ಕಾಳಷ್ಟಿದೆ. ಇದಕ್ಕೆ ನಾವು ಬಸ್ ಹತ್ತಿ ಬರಬೇಕಾಗಿತ್ತಾ?" ಅಂತ ಮೂಗು ಮುರಿದಳು. ನನ್ನ ವಿಷಯಕ್ಕೆ ಬಂದರೆ, ಹುಡುಗಿಗೆ ಏನೂ ತೊಂದರೆ ಇಲ್ಲ ಅಂತ ಡಾಕ್ಟರಮ್ಮ ಅಂದದ್ದನ್ನು ಮಾತ್ರ ಅವಳು ಕಿವಿಗೆ ಹಾಕಿಕೊಂಡಿದ್ದಳು. ಆಡಿ ತಿಂಗಳು, ಅಂದರೆ ಆಷಾಢ, ಬಂದರೆ ಶುಭಕಾರ್ಯ ಇಲ್ಲ, ಅದಕ್ಕೆ ಮುಂಚೆ ತಾಂಬೂಲ ಮುಗಿಸಬೇಕು ಅಂದಳು. ಅಪ್ಪ ಹೂಂ ಅಂದರು. ಕಾಲೇಜಿನ ಅರ್ಜಿಯನ್ನು ಅಮ್ಮ ಅಕ್ಕಿ ಡಬ್ಬಿಯ ಮೇಲೆ ಎತ್ತಿಟ್ಟಳು, ಅದು ಅಲ್ಲೇ ಇತ್ತು.

ಮಾತ್ರೆ ಅವಳಿಗೆ ಸರಿಯಾಗಿ ಸಿಗಲಿ ಅಂತ ಅಮ್ಮ ಹಟ ಮಾಡಿ ಅಕ್ಕನನ್ನು ನಮ್ಮ ಮನೆಯಲ್ಲಿ ಇಟ್ಟುಕೊಂಡಳು. ಅಮ್ಮ ಜೀವಮಾನದಲ್ಲಿ ಮಾಡಿದ ಹಟ ಅದೊಂದೇ. ಮೊದಲ ವಾರಗಳಲ್ಲಿ ಏನೂ ಕಾಣಲಿಲ್ಲ. ಆಮೇಲೆ ಒಂದು ಬೆಳಗ್ಗೆ ಅಕ್ಕ ಹೊದಿಕೆ ಒದ್ದು, "ಅಯ್ಯಪ್ಪಾ, ಏನು ಸೆಕೆ!" ಅಂದಳು. ನಾನೂ ಅಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮುಖದ ಊತ ಇಳಿಯಿತು. ದನಿ ತೆಳುವಾಯಿತು. ತಿಂಗಳೆರಡಾಗುವುದರೊಳಗೆ ಬಾವಿಯ ಹಾದಿ ಮತ್ತೆ ಒದ್ದೆಯಾಗತೊಡಗಿತು. ಆದರೆ ತಾಂಬೂಲದ ವಿಷಯ ತೆಗೆದರೆ ಮಾತ್ರ ಅವಳು ಬೇರೆ ಕಡೆ ನೋಡುತ್ತಿದ್ದಳು. ಒಂದು ಸಲ ಹೂಂ ಅಂದವಳು ಈಗ ಏನು ಅನ್ನುತ್ತಾಳೋ ನನಗೆ ಗೊತ್ತಾಗಲಿಲ್ಲ.

ಮೊದಲ ಹೆಂಡತಿ ಇರುವಾಗ ಎರಡನೇ ಮದುವೆ ಕಾನೂನಿಗೆ ವಿರುದ್ಧ, ಗುಟ್ಟಾಗಿ ಮುಗಿಸಬೇಕಲ್ಲ, ಅದಕ್ಕೆ ಶಾಸ್ತ್ರವನ್ನು ಕಿಣತ್ತುಕಡವಿನ ಮನೆಯಲ್ಲೇ ಇಟ್ಟುಕೊಂಡರು. ಹತ್ತಿರದ ನೆಂಟರು ಬಂದು ಕೂತರು. ಭಾವ ಹೊಸ ಟೆರಿಲಿನ್ ಅಂಗಿ ಹಾಕಿಕೊಂಡು ಮದುಮಗನ ಹಾಗೆ ಮೀಸೆ ತೀಡಿಕೊಂಡ, ನಾಚಿಕೆಗೆಟ್ಟವನು. ನನ್ನನ್ನು ಮಣೆಯ ಮೇಲೆ ಕೂರಿಸಿದರು. ಅತ್ತೆ ಅಟ್ಟಿಗೆ ತಂದು ಅಕ್ಕನ ಕತ್ತಿಗೆ ಹಾಕಿದಳು, ಬಿಚ್ಚಿ ಕೊಡುವ ಶಾಸ್ತ್ರಕ್ಕೆ. ಕೊಂಡಿ ಸೇರಿಸಿ ಸೇರಿಸಿ ಉದ್ದ ಮಾಡಿದ್ದ ಅಟ್ಟಿಗೆ ಅಕ್ಕನ ಕತ್ತಲ್ಲಿ ನಿಲ್ಲದೆ ಕೆಳಗೆ ಜಾರಿ ಎದೆಮೂಳೆಯ ಮೇಲೆ ಜೋತುಬಿತ್ತು.

"ನೋಡ್ರಪ್ಪಾ, ತವರುಮನೇಲಿ ಹೊಟ್ಟೆಗೆ ಹಾಕದೆ ಹೆಂಗೆ ಇಳಿಸಿಬಿಟ್ಟಿದಾರೆ" ಅಂದಳು ಅತ್ತೆ.

ಅಕ್ಕ ಅಟ್ಟಿಗೆ ಬಿಚ್ಚಿದಳು. ನಾನು ಕಣ್ಣು ಮುಚ್ಚಿಕೊಂಡೆ. ಕತ್ತಿಗೆ ಏನೂ ಬೀಳಲಿಲ್ಲ. ಕಣ್ಣು ತೆಗೆದು ನೋಡಿದರೆ ಅಕ್ಕ ನನ್ನನ್ನು ದಾಟಿ ಹೋಗಿ ಅತ್ತೆಯ ಹಿಂದೆ ನಿಂತಿದ್ದಳು. ಆ ಅಟ್ಟಿಗೆಯನ್ನು ಅತ್ತೆಯ ಕತ್ತಿಗೆ ಸುತ್ತಿ ಕೊಕ್ಕೆ ಕೂಡಿಸಲು ನೋಡಿದಳು. ಕೂಡಲಿಲ್ಲ. ಇನ್ನೊಂದು ಸಲ ಎಳೆದಳು. ಅಷ್ಟು ಕೊಂಡಿ ಸೇರಿಸಿದ್ದರೂ ಎರಡು ತುದಿಯ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಿತು. ಉದ್ದ ಸರದ ಹಿಂದೆ, ಸೆರಗಿನ ಮರೆಯಲ್ಲಿ ಇದ್ದದ್ದು ಅವತ್ತು ಎಲ್ಲರಿಗೂ ಕಂಡಿತು.

"ಅತ್ತೆ, ನಿಮ್ಮದು ನನ್ನ ಕತ್ತಿಗಿಂತ ದೊಡ್ಡದು" ಅಂದಳು ಅಕ್ಕ. ಅವಳ ಹಳೆಯ ದನಿ ಅದು, ಮನೆಯ ಆ ತುದಿಗೂ ಕೇಳಿಸುವಂಥದ್ದು. "ನಾನೂ ನೀವೂ ನಾಳೆ ಡಾಕ್ಟರ ಹತ್ತಿರ ಹೋಗೋಣ. ಇವಳು ಕಾಲೇಜಿಗೆ ಹೋಗ್ತಾಳೆ. ನಾನು ಹೂ ಮುಡಿಸಲ್ಲ." ಭಾವನ ಕಡೆ ತಿರುಗಿ, "ನೀವು ಅಂಗಿ ಬದಲಾಯಿಸ್ಕೊಂಡು ಅಂಗಡಿಗೆ ಹೋಗಿ" ಅಂದಳು. ಅವನು ತನ್ನ ಅಮ್ಮನ ಮುಖ ನೋಡಿದ.

ಅತ್ತೆ ಈಗ ಮನೆ ಹಾರಿಹೋಗುವ ಹಾಗೆ ಕೂಗುತ್ತಾಳೆ ಅಂತ ನಾವೆಲ್ಲ ಕಾದೆವು. ಅವಳು ಕೈಯನ್ನು ಕತ್ತಿಗೆ ಇಟ್ಟುಕೊಂಡು ಹಾಗೇ ನೆಲದ ಮೇಲೆ ಕೂತಳು. ಭಾವ ಹುಟ್ಟುವ ಮುಂಚೆ ಅತ್ತೆಗೆ ಹೊಟ್ಟೆಯಲ್ಲೇ ಹೋದ ಮಕ್ಕಳ ಮಾತನ್ನು ಯಾರೋ ಒಬ್ಬಳು ಮುದುಕಿ ಮೆಲ್ಲಗೆ ತೆಗೆದಳು. ಅತ್ತೆಯನ್ನು ಆಗ ಅವಳ ಅತ್ತೆ ಏನಂತ ಕರೆಯುತ್ತಿದ್ದಳು ಅನ್ನುವುದನ್ನೂ ಹೇಳಿದಳು. ಸೋಂಬೇರಿ ಅಂತಲೇ.

"ನನಗೂ ಬಹಳ ಚಳಿ ಆಗ್ತಿತ್ತು. ಈಗಲೂ ಆಗುತ್ತೆ. ಯಾರೂ ಕೇಳಲಿಲ್ಲ" ಅಂದಳು ಅತ್ತೆ.

ಕೂತವರೆಲ್ಲ ಅಯ್ಯೋ ಪಾಪ ಅಂದರು. ಅಮ್ಮ ಕಣ್ಣೊರೆಸಿಕೊಂಡಳು. ನನಗೆ ಪಾಪ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸುವುದಿಲ್ಲ. ಆ ಚಳಿ ಎಂಥದ್ದು ಅಂತ ಅಷ್ಟು ದೊಡ್ಡ ಮನೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಗೊತ್ತಿದ್ದೂ ನನ್ನ ಅಕ್ಕನ ಮೈಮೇಲಿನ ಸ್ವೆಟರ್ ಎಳೆದು ಬೀಗ ಹಾಕಿದ್ದಳು.

ಅಕ್ಕ ಬಗ್ಗಿ ಅತ್ತೆಯ ಸೊಂಟದಿಂದ ಕೀಲಿಕೈ ತೆಗೆದುಕೊಂಡಳು. ಬೀರು ತೆರೆದು ಆ ನೀಲಿ ಸ್ವೆಟರ್ ಹೊರಗೆ ತೆಗೆದು, ಕೊಡವಿ, ಅತ್ತೆಯ ಹೆಗಲಿಗೆ ಹೊದಿಸಿದಳು. ನಾನಾಗಿದ್ದರೆ ಕೊಡುತ್ತಿರಲಿಲ್ಲ.